ಹೆಡ್‌ಲೈಟ್ ಒಳಗೆ ನೀರು: ಬರೀ ಹಬೆಯೋ, ಸೋರಿಕೆಯೋ?

ನೀಲಿ ಹ್ಯಾಚ್‌ಬ್ಯಾಕ್

ಎಲ್ಲರಿಗೂ ನಮಸ್ಕಾರ. ನನ್ನ ಕಾರಿನ ಎಡಗಡೆ ಹೆಡ್‌ಲೈಟ್ ಒಳಗೆ ನೀರು ಸೇರಿಕೊಳ್ಳುತ್ತಿದೆ. ಬೆಳಿಗ್ಗೆ ನೋಡಿದರೆ ಗ್ಲಾಸಿನ ಒಳಮೈ ಪೂರ್ತಿ ಮಂಜು. ಲೈಟ್ ಹಾಕಿಕೊಂಡು ಓಡಿಸಿದರೆ ಮೇಲಿನ ಅರ್ಧ ತಿಳಿಯಾಗುತ್ತದೆ, ಕೆಳಗಿನ ಮೂಲೆಯಲ್ಲಿ ಹನಿಗಳು ಹಾಗೇ ನಿಂತಿರುತ್ತವೆ. ಜೋರು ಮಳೆಯಾದ ಮೇಲಂತೂ ತಳದಲ್ಲಿ ನೀರೇ ನಿಂತಿರುತ್ತದೆ. ಬಾನೆಟ್ ಹಿಡಿದು ಕಾರನ್ನು ಸ್ವಲ್ಪ ಅಲ್ಲಾಡಿಸಿದರೆ ಅದು ಕುಲುಕುವುದು ಕಾಣುತ್ತದೆ.

ಬಲಗಡೆಯದು ಒಣಗಿಯೇ ಇದೆ. ಒಂದು ಗ್ಯಾರೇಜಿನಲ್ಲಿ "ಇಡೀ ಅಸೆಂಬ್ಲಿ ಬದಲಾಯಿಸಿ" ಎಂದರು. ಇನ್ನೊಂದು ಕಡೆ "ಸುತ್ತ ಸಿಲಿಕೋನ್ ಹೊಡೆದರೆ ಸಾಕು" ಎಂದರು. ಯಾವುದನ್ನೂ ಮಾಡಿಸಿಲ್ಲ. ಹ್ಯಾಲೊಜೆನ್ ಬಲ್ಬ್, ಎಚ್4. ಗ್ಲಾಸಿನಲ್ಲಿ ಬಿರುಕು ಕಾಣುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಪಾನಾ

ಸರ್, ಸಿಲಿಕೋನ್ ಹೊಡೆಸದೆ ಇದ್ದದ್ದು ಒಳ್ಳೆಯದಾಯಿತು. ಮೊದಲು ಒಂದು ವಿಷಯ ಸ್ಪಷ್ಟವಾಗಲಿ: ಈಗಿನ ಹೆಡ್‌ಲೈಟ್ ಪೂರ್ತಿ ಮುಚ್ಚಿದ ಡಬ್ಬಿ ಅಲ್ಲ. ಅದು ಉಸಿರಾಡುತ್ತದೆ, ಉಸಿರಾಡಲೇಬೇಕು.

ಲೈಟ್ ಹಾಕಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. 20 ಡಿಗ್ರಿಯಿಂದ 70 ಡಿಗ್ರಿಗೆ ಹೋದರೆ ಸುಮಾರು ಶೇ. 17ರಷ್ಟು ಹಿಗ್ಗು. ಒಳಗೆ 5 ಲೀಟರ್ ಜಾಗ ಇದೆ ಅಂದುಕೊಳ್ಳಿ, ಮುಕ್ಕಾಲು ಲೀಟರಿಗಿಂತ ಜಾಸ್ತಿ ಗಾಳಿ ಹೊರಗೆ ಹೋಗಬೇಕು. ಲೈಟ್ ಆರಿಸಿದ ಮೇಲೆ ಅಷ್ಟೇ ಗಾಳಿ ವಾಪಸ್ ಒಳಗೆ ಬರಬೇಕು. ಇದಕ್ಕಾಗಿಯೇ ಹಿಂಭಾಗದಲ್ಲಿ ಬ್ರೀದರ್ ಇಟ್ಟಿರುತ್ತಾರೆ. ಕೆಲವು ಲ್ಯಾಂಪ್‌ಗಳಲ್ಲಿ ಅದು ಬಗ್ಗಿಸಿದ ಸಣ್ಣ ರಬ್ಬರ್ ಕೊಳವೆ. ಕೆಲವದರಲ್ಲಿ ಪ್ಲಾಸ್ಟಿಕ್ ಟೋಪಿ. ಹೊಸದರಲ್ಲಿ ಸ್ಟಿಕ್ಕರಿನಷ್ಟು ತೆಳ್ಳಗಿನ ಪೊರೆ. ಆ ಪೊರೆ ಆವಿಯನ್ನು ಬಿಡುತ್ತದೆ, ನೀರಿನ ಹನಿಯನ್ನು ಬಿಡುವುದಿಲ್ಲ.

ಹೊರಗಿನ ಗಾಳಿಯಲ್ಲಿ ತೇವ ಇದ್ದರೆ ಅದೂ ಒಳಗೆ ಬರುತ್ತದೆ. ರಾತ್ರಿ ಗ್ಲಾಸ್ ತಣ್ಣಗಾದಾಗ ಆ ತೇವ ತೆಳ್ಳಗೆ ಮಂಜಾಗಿ ಕೂರುತ್ತದೆ. ಇಷ್ಟೇ ಆಗಿದ್ದರೆ ದೋಷ ಅಲ್ಲ. ಲೈಟ್ ಹಾಕಿ ಸ್ವಲ್ಪ ಹೊತ್ತು ಓಡಿಸಿದರೆ ತಾನೇ ಹೋಗುತ್ತದೆ.

ಆದರೆ ನಿಮ್ಮದು ಹಾಗಲ್ಲ. ಲೆಕ್ಕ ನೋಡಿ. 30 ಡಿಗ್ರಿಯಲ್ಲಿ ತೇವ ತುಂಬಿದ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 30 ಗ್ರಾಂ ನೀರು ಇರುತ್ತದೆ. ಅಂದರೆ 5 ಲೀಟರ್ ಗಾಳಿಯಲ್ಲಿ 0.15 ಗ್ರಾಂ. ಹೆಚ್ಚೆಂದರೆ ಮೂರು ಹನಿ! ಅಷ್ಟೂ ಗ್ಲಾಸಿಗೆ ಅಂಟಿದರೂ ಮಂಜು ಕಟ್ಟುತ್ತದೆಯೇ ಹೊರತು ತಳದಲ್ಲಿ ಕುಲುಕುವಷ್ಟು ನೀರು ನಿಲ್ಲುವುದಿಲ್ಲ. ನಿಮ್ಮ ಲ್ಯಾಂಪಿಗೆ ನೀರು ನೀರಾಗಿಯೇ ಒಳಗೆ ಹೋಗುತ್ತಿದೆ. ದಾರಿ ಎಲ್ಲಿದೆ ಅಂತ ಹುಡುಕಬೇಕು.

ರಾತ್ರಿ ಪಯಣ

ಪಾನಾ ಅವರು ಹೇಳಿದ್ದು ಸರಿ. ಇನ್ನೊಂದು ಗುರುತು ಸೇರಿಸುತ್ತೇನೆ. ಎರಡೂ ಕಡೆ ಒಂದೇ ಥರ ಮಂಜು ಕಟ್ಟಿ, ಒಟ್ಟಿಗೇ ಮಾಯವಾದರೆ ಅದು ಹವೆಯ ಕೆಲಸ. ಒಂದೇ ಕಡೆ ಆಗುತ್ತಿದ್ದರೆ ಆ ಲ್ಯಾಂಪಿನಲ್ಲೇ ಏನೋ ಇದೆ ಅಂತ ಅರ್ಥ. ಒಳ್ಳೆಯ ಲ್ಯಾಂಪ್ ಪಕ್ಕದಲ್ಲೇ ಇದೆಯಲ್ಲ, ಎರಡನ್ನೂ ಹೋಲಿಸಿ ನೋಡಿ.

ಆ ಕಡೆ ಬಲ್ಬ್ ಇತ್ತೀಚೆಗೆ ಬದಲಾಯಿಸಿದ್ದರಾ?

ನೀಲಿ ಹ್ಯಾಚ್‌ಬ್ಯಾಕ್

ಮೂರು ಹನಿ ಲೆಕ್ಕ ಕಣ್ಣು ತೆರೆಸಿತು, ಧನ್ಯವಾದ. ಹೌದು, ಎಡಗಡೆ ಬಲ್ಬನ್ನು ಒಂದು ಗ್ಯಾರೇಜಿನಲ್ಲಿ ಬದಲಾಯಿಸಿದ್ದರು. ನೀರಿನ ಸಮಸ್ಯೆ ಶುರುವಾಗಿದ್ದೂ ಅದಾದ ಮೇಲೆಯೇ.

ಪಾನಾ

ಹಾಗಾದರೆ ಮೊದಲು ಹಿಂದಿನ ರಬ್ಬರ್ ಕವರ್ ನೋಡಿ. ಬೇರೇನೂ ಬಿಚ್ಚಬೇಡಿ. ಎಚ್4 ಬಲ್ಬಿನ ಹಿಂದೆ ದುಂಡಗಿನ ಕಪ್ಪು ರಬ್ಬರ್ ಬೂಟ್ ಇರುತ್ತದೆ. ಮೂರು ಪಿನ್ನು ಅದರ ನಡುವಿಂದ ಹೊರಗೆ ಬಂದಿರುತ್ತವೆ. ಅದರ ಹೊರ ಅಂಚು ಲ್ಯಾಂಪಿನ ತೋಡಿನೊಳಗೆ ಸುತ್ತಲೂ ಕೂರಬೇಕು, ನಡುವಿನ ತೂತು ಬಲ್ಬಿನ ಬುಡವನ್ನು ಬಿಗಿಯಾಗಿ ಅಪ್ಪಿಕೊಂಡಿರಬೇಕು. ಬ್ಯಾಟರಿಯೋ ಏರ್ ಫಿಲ್ಟರ್ ಪೈಪೋ ಅಡ್ಡ ಇರುವ ಕಡೆ ಕೈ ಸರಿಯಾಗಿ ಹೋಗುವುದಿಲ್ಲ. ಮೇಲಿನ ಅರ್ಧ ಒತ್ತಿ ಬಿಟ್ಟಿರುತ್ತಾರೆ, ಕೆಳಗಿನ ಅಂಚು ಮಡಚಿಕೊಂಡು ಉಳಿದಿರುತ್ತದೆ. ಮೇಲಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ಕಣ್ಣಿಗೆ ಕಾಣದಿದ್ದರೆ ಬೆರಳಿಂದ ನೋಡಿ. ಎಂಜಿನ್ ಮತ್ತು ಲೈಟ್ ಆರಿಸಿ, ತಣ್ಣಗಾಗಲು ಬಿಡಿ. ಆಮೇಲೆ ಕವರಿನ ಅಂಚಿನ ಮೇಲೆ ಬೆರಳ ತುದಿಯನ್ನು ಪೂರ್ತಿ ಒಂದು ಸುತ್ತು ಎಳೆಯಿರಿ. ಎಲ್ಲೂ ಉಬ್ಬು, ಮಡಿಕೆ, ಸಂದು ಸಿಗಬಾರದು. ಮೊಬೈಲನ್ನು ಸೆಲ್ಫಿ ಕ್ಯಾಮೆರಾಗೆ ಹಾಕಿ ಸಂದಿನೊಳಗೆ ಇಳಿಸಿದರೂ ಕಾಣುತ್ತದೆ.

ರಬ್ಬರನ್ನು ಹಿಂಡಿ ನೋಡಿ. ಮೆತ್ತಗೆ ಬಗ್ಗಿ ವಾಪಸ್ ಬಂದರೆ ಸರಿ. ಗಟ್ಟಿಯಾಗಿ, ಮಡಚಿದ ಕಡೆ ಗೀರು ಬಿಟ್ಟರೆ ಅದರ ಆಯುಸ್ಸು ಮುಗಿದಿದೆ. ಹೊಸ ಕವರ್ ಮಾತ್ರ ಬಿಡಿಯಾಗಿ ಸಿಗುತ್ತದೆ, ಇಡೀ ಅಸೆಂಬ್ಲಿ ಬೇಕಿಲ್ಲ.

ಹಳೇ ಗಾಡಿ ಪ್ರೀತಿ

ಒಂದು ಅನುಮಾನ ಕೇಳಲಾ? ಹಳೇ ಕಾರುಗಳ ದುಂಡು ಲೈಟಿಗೆ ಈ ಕಾಟ ಇರಲೇ ಇಲ್ಲವಲ್ಲ. ಈಗ ಯಾಕೆ ಇಷ್ಟು?

ವೈರಿಂಗ್ ಕೆಲಸ

ನೀವು ಹೇಳುತ್ತಿರುವುದು ಸೀಲ್ಡ್ ಬೀಮ್ ಇರಬೇಕು. ಅದರಲ್ಲಿ ಗ್ಲಾಸ್, ರಿಫ್ಲೆಕ್ಟರ್, ಫಿಲಮೆಂಟ್ ಎಲ್ಲ ಸೇರಿ ಒಂದೇ ದೊಡ್ಡ ಬಲ್ಬ್. ಗಾಳಿ ಓಡಾಡಲು ದಾರಿಯೇ ಇಲ್ಲ, ಹಾಗಾಗಿ ತೇವವೂ ಇಲ್ಲ. ಅಮೆರಿಕದಲ್ಲಿ 1940ರಿಂದ ದಶಕಗಟ್ಟಲೆ ಇದೇ ನಡೆಯಿತು. ಅಲ್ಲಿ ಬಲ್ಬ್ ಮಾತ್ರ ಬದಲಾಯಿಸಬಹುದಾದ, ಕಾರಿನ ಮೈಗೆ ಹೊಂದುವ ಲ್ಯಾಂಪ್ ಮೊದಲು ಬಂದಿದ್ದು 1984ರ ಲಿಂಕನ್ ಮಾರ್ಕ್ 7 ಕಾರಿನಲ್ಲಿ.

ಈಗಿನ ಲ್ಯಾಂಪ್ ದೊಡ್ಡದು, ಮೂಲೆಗಳು ಜಾಸ್ತಿ. ಮುಂದಿನ ಪಾಲಿಕಾರ್ಬೊನೇಟ್ (ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್) ಗ್ಲಾಸನ್ನು ಹಿಂದಿನ ಪ್ಲಾಸ್ಟಿಕ್ ಡಬ್ಬಿಗೆ ಅಂಟಿಸಿರುತ್ತಾರೆ. ಬಲ್ಬ್, ಪಾರ್ಕಿಂಗ್ ಲೈಟ್, ಇಂಡಿಕೇಟರ್, ಅಡ್ಜಸ್ಟಿಂಗ್ ಸ್ಕ್ರೂ, ಬೆಳಕಿನ ಎತ್ತರ ಹೊಂದಿಸುವ ಲೆವೆಲಿಂಗ್ ಮೋಟರ್, ಪ್ರತಿಯೊಂದಕ್ಕೂ ಒಂದು ತೂತು, ಒಂದು ವಾಷರ್. ನೀರಿಗೆ ಇದರಲ್ಲಿ ಒಂದು ಸಿಕ್ಕರೂ ಸಾಕು.

ಅದರ ಜೊತೆ ಎಲ್‌ಇಡಿ ಬಂದಿದೆ. ಎಚ್4 ಹ್ಯಾಲೊಜೆನ್ ಹೈ ಬೀಮ್‌ನಲ್ಲಿ 60, ಲೋ ಬೀಮ್‌ನಲ್ಲಿ 55 ವ್ಯಾಟ್, ಅದರ ಶಾಖ ಬೆಳಕಿನ ಜೊತೆ ಮುಂದಕ್ಕೇ ಬಂದು ಗ್ಲಾಸನ್ನು ಬೆಚ್ಚಗೆ ಮಾಡುತ್ತದೆ. ಎಲ್‌ಇಡಿಯ ಶಾಖ ಹಿಂದಿನ ಲೋಹದ ಹೀಟ್ ಸಿಂಕ್ ಮೂಲಕ ಹಿಂದಕ್ಕೆ ಹೋಗುತ್ತದೆ. ಗ್ಲಾಸ್ ತಣ್ಣಗೇ ಇರುತ್ತದೆ. ಹಾಗಾಗಿ ಎಲ್‌ಇಡಿ ಲ್ಯಾಂಪಿನಲ್ಲಿ ಮಂಜು ಹೋಗಲು ಜಾಸ್ತಿ ಹೊತ್ತು ಬೇಕು. ಅದನ್ನು ನೋಡಿ ಗಾಬರಿಯಾಗಬೇಡಿ.

ನೀಲಿ ಹ್ಯಾಚ್‌ಬ್ಯಾಕ್

ನೋಡಿದೆ. ಪಾನಾ ಅವರು ಹೇಳಿದ ಹಾಗೆಯೇ ಇದೆ! ಮೇಲಿಂದ ನೋಡಿದರೆ ಕವರ್ ಸರಿಯಾಗಿ ಕೂತಿದೆ. ಬೆರಳು ಎಳೆದಾಗ ಕೆಳಗೆ, ಬಂಪರ್ ಕಡೆಗೆ, ಅಂಚು ಒಳಮಡಚಿಕೊಂಡಿದೆ. ಬೆರಳ ತುದಿ ಹೋಗುವಷ್ಟು ಸಂದು. ತೆಗೆದು ನೋಡಿದರೆ ಆ ಮಡಿಕೆಯಲ್ಲಿ ಕೆಸರಿನ ಗೆರೆ, ಅದರ ಒಳಗೆ ನೀರಿನ ಪಸೆ. ಒಂದು ಪಿನ್ನಿನ ಮೇಲೆ ಹಸಿರು ಬಣ್ಣದ ಪುಡಿ ಕೂತಿದೆ.

ಈಗ ಒಣಗಿಸುವುದು ಹೇಗೆ? ಹೀಟ್ ಗನ್ ಇದೆ, ಉಪಯೋಗಿಸಬಹುದಾ?

ಪಾನಾ

ಹೀಟ್ ಗನ್ ಪಕ್ಕಕ್ಕಿಡಿ. ಅದರ ಬಿಸಿ ಒಂದೇ ಜಾಗಕ್ಕೆ ಬಿದ್ದರೆ ಗ್ಲಾಸ್ ಸೊಟ್ಟಗಾಗುತ್ತದೆ, ಮೇಲಿನ ಲೇಪನ ಸುಕ್ಕುಗಟ್ಟುತ್ತದೆ. ರಿಫ್ಲೆಕ್ಟರ್ ಮೇಲಿನ ಅಲ್ಯೂಮಿನಿಯಂ ಪದರವಂತೂ ತುಂಬ ತೆಳು.

ಲ್ಯಾಂಪ್ ಬಿಚ್ಚಲು ಸುಲಭ ಇದ್ದರೆ ಬಿಚ್ಚಿ. ಬಲ್ಬ್, ಕವರ್ ಎಲ್ಲ ತೆಗೆದು, ಬಲ್ಬಿನ ತೂತು ಕೆಳಗೆ ಬರುವ ಹಾಗೆ ಹಿಡಿದು ನೀರನ್ನು ಬಸಿಯಿರಿ. ಆಮೇಲೆ ತೂತುಗಳನ್ನು ತೆರೆದಿಟ್ಟು ಗಾಳಿ ಆಡುವ ಬೆಚ್ಚಗಿನ ಜಾಗದಲ್ಲಿಡಿ. ಬಿಸಿಗಿಂತ ಗಾಳಿ ಓಡಾಟ ಮುಖ್ಯ. ಸಣ್ಣ ಫ್ಯಾನ್ ಹಿಂದಿನ ತೂತಿನ ಕಡೆ ತಿರುಗಿಸಿಟ್ಟರೆ ಬೇಗ ಒಣಗುತ್ತದೆ. ಅವಸರ ಇದ್ದರೆ ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿ, ದೂರದಿಂದ, ಕೈ ಆಡಿಸುತ್ತಾ ಇರಿ.

ಒಳಗೆ ಬಟ್ಟೆ ಹಾಕಿ ಒರೆಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ರಿಫ್ಲೆಕ್ಟರ್ ಒಂದು ಸಲ ಗೀರಾದರೆ ಬೆಳಕು ಚೆದುರುತ್ತದೆ, ಸರಿಮಾಡಲು ಆಗುವುದಿಲ್ಲ. ಗ್ಲಾಸಿನ ಒಳಮೈಗೆ ಕೆಲವು ಲ್ಯಾಂಪ್‌ಗಳಲ್ಲಿ ಮಂಜು ಕಟ್ಟದ ಹಾಗೆ ಲೇಪನ ಕೊಟ್ಟಿರುತ್ತಾರೆ, ಅದೂ ಒರೆಸಿದರೆ ಹೋಗುತ್ತದೆ. ಕೆಸರು ಸೇರಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿ ಕುಲುಕಿ ಚೆಲ್ಲಿ. ನಲ್ಲಿ ನೀರು ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತದೆ.

ಪಿನ್ನಿನ ಹಸಿರು ಪುಡಿ ತಾಮ್ರದ ತುಕ್ಕು. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಸಣ್ಣ ಬ್ರಷ್‌ನಿಂದ ಉಜ್ಜಿ. ಹಾಗೇ ಬಿಟ್ಟರೆ ಕರೆಂಟಿಗೆ ಅಡ್ಡಿಯಾಗಿ ಕನೆಕ್ಟರ್ ಬಿಸಿಯಾಗುತ್ತದೆ, ಲೈಟ್ ಮಂಕಾಗುತ್ತದೆ. ಕನೆಕ್ಟರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಬದಲಾಯಿಸಿ.

ರಾತ್ರಿ ಪಯಣ

ಒಣಗಿಸಿದ ಮರುದಿನವೇ ಸ್ವಲ್ಪ ಮಂಜು ಮತ್ತೆ ಕಂಡರೆ ಬೇಜಾರಾಗಬೇಡಿ. ಪಾಲಿಕಾರ್ಬೊನೇಟ್ ಸ್ವಲ್ಪ ತೇವ ಹೀರಿಕೊಳ್ಳುತ್ತದೆ, ಬಿಸಿಯಾದಾಗ ನಿಧಾನಕ್ಕೆ ಬಿಡುತ್ತದೆ. ದಾರಿ ಮುಚ್ಚಿದ್ದರೆ ಮಂಜು ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ. ಮಳೆ ಬಂದ ದಿನ ಮತ್ತೆ ಜಾಸ್ತಿಯಾದರೆ ಇನ್ನೊಂದು ದಾರಿ ಇದೆ ಅಂತ ಅರ್ಥ.

ದೂರದ ಊರು

ಕೆಳಗಡೆ ಒಂದು ಸಣ್ಣ ತೂತು ಕೊರೆದರೆ ನೀರು ತಾನೇ ಹರಿದುಹೋಗುವುದಿಲ್ಲವಾ? ನಮ್ಮ ಕಡೆ ಮೆಕ್ಯಾನಿಕ್‌ಗಳು ಹೀಗೇ ಮಾಡುತ್ತಾರೆ. ಸುಮ್ನೆ ಇಷ್ಟೆಲ್ಲ ಯಾಕೆ?

ವೈರಿಂಗ್ ಕೆಲಸ

ನೀರು ಹರಿಯುತ್ತದೆ, ನಿಜ. ಆದರೆ ಆ ತೂತಿಗೆ ಪೊರೆ ಇಲ್ಲ, ಬಗ್ಗಿದ ಕೊಳವೆಯೂ ಇಲ್ಲ. ಧೂಳು ನೇರ ಒಳಗೆ. ಮುಂದಿನ ಚಕ್ರ ಎರಚುವ ಕೆಸರು ನೀರೂ ಅಲ್ಲೇ ಹತ್ತಿರ ಬೀಳುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಬಿಸಿಯಾದ ಲ್ಯಾಂಪ್ ನಿಂತ ನೀರಿನ ಗುಂಡಿಗೆ ಬಿದ್ದರೆ ಒಳಗಿನ ಗಾಳಿ ತಟ್ಟನೆ ಕುಗ್ಗುತ್ತದೆ. ಆಗ ಎಲ್ಲಿ ದಾರಿ ಇದೆಯೋ ಅಲ್ಲಿಂದ ಎಳೆದುಕೊಳ್ಳುತ್ತದೆ. ತೂತು ತಳದಲ್ಲೇ ಇದ್ದರೆ ಎಳೆದುಕೊಳ್ಳುವುದು ಗಾಳಿಯನ್ನಲ್ಲ, ನೀರನ್ನೇ. ಬರಿ ಹೊರಹೋಗುವ ದಾರಿ ಅಂತ ಕೊರೆದದ್ದು ಒಳಬರುವ ದಾರಿಯೂ ಆಗುತ್ತದೆ. ಕೊರೆಯುವಾಗ ಉದುರಿದ ಪ್ಲಾಸ್ಟಿಕ್ ಚೂರು ರಿಫ್ಲೆಕ್ಟರಿಗೆ ಅಂಟಿಕೊಳ್ಳುವುದು ಬೇರೆ.

ತೇವ ಹೀರುವ ಸಿಲಿಕಾ ಜೆಲ್ ಪ್ಯಾಕೆಟ್ ಒಳಗೆ ಹಾಕಿಡುವ ಅಭ್ಯಾಸವೂ ಇದೆ. ಕೆಲವು ಲ್ಯಾಂಪ್‌ಗಳಿಗೆ ತಯಾರಕರೇ ಅದಕ್ಕೊಂದು ಜಾಗ ಮಾಡಿ ಚೀಲ ಕೊಡುತ್ತಾರೆ, ಅದು ಬೇರೆ ಮಾತು. ಶೂ ಡಬ್ಬಿಯದನ್ನು ತಂದು ಹಾಕಿದರೆ ಸ್ವಲ್ಪ ದಿನಕ್ಕೆ ತೇವ ತುಂಬಿ ಸುಮ್ಮನಾಗುತ್ತದೆ, ಅಲುಗಾಡಿ ಬಿಸಿ ಬಲ್ಬಿಗೂ ತಾಗಬಹುದು.

ಬೆಟ್ಟದ ದಾರಿ

ನನ್ನ ಪ್ರಶ್ನೆಯೂ ಇಲ್ಲೇ ಕೇಳುತ್ತೇನೆ. ನನ್ನ ಲ್ಯಾಂಪಿನ ಕವರ್ ಎಲ್ಲ ಸರಿ ಇದೆ, ಬಿರುಕಿಲ್ಲ. ಆದರೂ ಮಂಜು ಹೋಗುವುದೇ ಇಲ್ಲ. ತಳದಲ್ಲಿ ನೀರು ನಿಲ್ಲುವುದಿಲ್ಲ. ಸದಾ ಒಂದು ತೆಳು ಪರದೆ ಇದ್ದ ಹಾಗೆ.

ಪಾನಾ

ನೀರು ನಿಲ್ಲುವುದಿಲ್ಲ, ಮಂಜು ಹೋಗುವುದಿಲ್ಲ ಅಂದರೆ ಮೊದಲ ಅನುಮಾನ ಬ್ರೀದರ್ ಮೇಲೆ. ಒಳಗೆ ಬಂದ ಆವಿಗೆ ಹೊರಹೋಗುವ ದಾರಿ ಕಟ್ಟಿದೆ. ಸಾಮಾನ್ಯವಾಗಿ ಎರಡು ಬ್ರೀದರ್ ಇರುತ್ತವೆ, ಒಂದು ಮೇಲೆ, ಇನ್ನೊಂದು ಎದುರು ಮೂಲೆಯಲ್ಲಿ ಕೆಳಗೆ. ಒಂದರಿಂದ ಬಂದು ಇನ್ನೊಂದರಿಂದ ಹೋದರೆ ಗಾಳಿ ಓಡಾಡುತ್ತದೆ. ಒಂದು ಕಟ್ಟಿದರೂ ಓಡಾಟ ನಿಂತಿತು.

ರಬ್ಬರ್ ಕೊಳವೆಯಾದರೆ ಕಿತ್ತು ಊದಿ ನೋಡಿ. ಕೆಸರು, ಜೇಡರ ಬಲೆ, ಕಣಜದ ಮಣ್ಣು, ಎಲ್ಲ ಸಿಗುತ್ತದೆ. ಪೊರೆ ಇರುವ ಜಾತಿಯದಾದರೆ ಊದಬೇಡಿ, ಉಜ್ಜಬೇಡಿ. ಎಣ್ಣೆ, ಪಾಲಿಶ್, ಡಿಗ್ರೀಸರ್ ತಾಗಿದರೆ ಆ ಪೊರೆ ಕೆಡುತ್ತದೆ. ಎಂಜಿನ್ ತೊಳೆಸುವಾಗ ಇದೇ ಆಗುವುದು. ಕೆಟ್ಟ ಪೊರೆಯನ್ನು ಬದಲಾಯಿಸಬೇಕು, ಮೇಲೆ ಟೇಪ್ ಅಂಟಿಸಬಾರದು.

ಇದಕ್ಕೇ ನಾನು ಮೊದಲಿಂದ ಸಿಲಿಕೋನ್ ಬೇಡ ಅನ್ನುವುದು. ಸುತ್ತ ಬಳಿಯುವವರು ಬ್ರೀದರನ್ನೂ ಸೇರಿಸಿ ಬಳಿಯುತ್ತಾರೆ. ಉಸಿರು ಕಟ್ಟಿದ ಲ್ಯಾಂಪ್ ದುರ್ಬಲ ಸಂದಿನಿಂದ ಎಳೆದುಕೊಳ್ಳಲು ಶುರು ಮಾಡುತ್ತದೆ.

ಬೆಟ್ಟದ ದಾರಿ

ಬ್ರೀದರ್ ಕೊಳವೆಯಲ್ಲಿ ಗಟ್ಟಿಯಾದ ಮಣ್ಣು ಇತ್ತು. ತೊಳೆದು ಹಾಕಿದ್ದೇನೆ. ಅದು ಸರಿ ಹೋಗದಿದ್ದರೆ ಮುಂದೇನು? ಅಂಟು ಬಿಟ್ಟಿದೆಯಾ ಅಂತ ಕಂಡುಹಿಡಿಯುವುದು ಹೇಗೆ?

ವೈರಿಂಗ್ ಕೆಲಸ

ಲ್ಯಾಂಪ್ ಬಿಚ್ಚಿ, ಪೂರ್ತಿ ಒಣಗಿಸಿ. ಒದ್ದೆ ಲ್ಯಾಂಪಿನಲ್ಲಿ ಏನೂ ಗೊತ್ತಾಗುವುದಿಲ್ಲ. ಎಲ್ಲ ಕವರ್ ಹಾಕಿ, ಒಂದು ಬ್ರೀದರ್ ಬಿಟ್ಟು ಉಳಿದವನ್ನು ತಾತ್ಕಾಲಿಕವಾಗಿ ಮುಚ್ಚಿ. ಗ್ಲಾಸ್ ಮತ್ತು ಡಬ್ಬಿ ಸೇರುವ ಸಂದಿಗೆ ಸೋಪು ನೀರು ಹಚ್ಚಿ. ತೆರೆದ ಬ್ರೀದರಿಗೆ ಕೊಳವೆ ಸಿಕ್ಕಿಸಿ ಬಾಯಿಂದ ಮೆಲ್ಲಗೆ ಊದಿ. ಸೋರುವ ಕಡೆ ಗುಳ್ಳೆ ಏಳುತ್ತದೆ. ಕಂಪ್ರೆಸರ್ ಹಾಕಬೇಡಿ, ಸರಿ ಇರುವ ಅಂಟನ್ನೂ ಅದು ಬಿಡಿಸಿಬಿಡುತ್ತದೆ. ಪೊರೆ ಬ್ರೀದರ್ ಇರುವ ಲ್ಯಾಂಪಿನಲ್ಲಿ ಊದುವುದನ್ನು ಬಲ್ಬ್ ಕವರಿನ ಕಡೆಯಿಂದ ಮಾಡಬೇಕು.

ಬಿಚ್ಚಲು ಆಗದಿದ್ದರೆ ಕಾರಿನಲ್ಲೇ ಪೈಪ್ ನೀರು ಬಿಡಿ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಮೇಲಿಂದ ಬಿಟ್ಟರೆ ನೀರು ಎಲ್ಲ ಕಡೆ ಇಳಿಯುತ್ತದೆ, ಯಾವ ಸಂದು ಅಂತ ಗೊತ್ತಾಗುವುದಿಲ್ಲ. ಒಂದೊಂದು ಜಾಗಕ್ಕೆ ಒಂದೆರಡು ನಿಮಿಷ ಬಿಟ್ಟು, ಟಾರ್ಚ್ ಹಾಕಿ ಒಳಗೆ ನೋಡಿ. ಪ್ರೆಶರ್ ವಾಷರ್ ಬೇಡ.

ಎಚ್‌ಐಡಿ ಕ್ಸೆನಾನ್ ಲ್ಯಾಂಪ್ ಇರುವವರು ಇದಕ್ಕೆ ಕೈ ಹಾಕುವ ಮುಂಚೆ ಬ್ಯಾಟರಿ ಕನೆಕ್ಷನ್ ತೆಗೆಯಲೇಬೇಕು. ಅದು ಹೊತ್ತಿಕೊಳ್ಳುವಾಗ 20,000 ವೋಲ್ಟ್ ಮೀರುತ್ತದೆ. ಒದ್ದೆ ಲ್ಯಾಂಪಿನಲ್ಲಿ ಅದು ಜೀವಕ್ಕೇ ಅಪಾಯ.

ದೂರದ ಊರು

ಅಂಟು ಬಿಟ್ಟಿದೆ ಅಂತ ಗೊತ್ತಾದರೆ? ಓವನ್ನಿನಲ್ಲಿಟ್ಟು ಗ್ಲಾಸ್ ಬಿಡಿಸುವ ವಿಡಿಯೊಗಳು ತುಂಬ ಇವೆ.

ಪಾನಾ

ಆಗುತ್ತದೆ, ಎಲ್ಲ ಲ್ಯಾಂಪಿಗೂ ಅಲ್ಲ. ಅಂಟು ಬ್ಯುಟೈಲ್ ಆಗಿದ್ದರೆ ಬಿಸಿಗೆ ಚೂಯಿಂಗ್ ಗಮ್ ಥರ ಎಳೆಯುತ್ತದೆ, ಬಿಡಿಸಬಹುದು. ಪಾಲಿಯುರೆಥೇನ್ ಹಾಕಿದ್ದರೆ ಎಷ್ಟು ಕಾಯಿಸಿದರೂ ಬಿಡುವುದಿಲ್ಲ, ಬಲ ಹಾಕಿದರೆ ಗ್ಲಾಸೇ ಒಡೆಯುತ್ತದೆ. ಸಂದಿನಲ್ಲಿ ಉಗುರು ಒತ್ತಿ ನೋಡಿ. ಗುರುತು ಬಿದ್ದು ಅಂಟಂಟಾಗಿದ್ದರೆ ಬ್ಯುಟೈಲ್. ಗಟ್ಟಿ ರಬ್ಬರಿನ ಹಾಗೆ ಪುಟಿದರೆ ಕೈಬಿಡಿ.

ಬ್ಯುಟೈಲ್ ಆದರೆ ಮೊದಲು ಬಲ್ಬ್, ಮೋಟರ್, ಸ್ಕ್ರೂ, ಕ್ಲಿಪ್ ಎಲ್ಲ ತೆಗೆಯಿರಿ. ಕಾಣದ ಒಂದು ಸ್ಕ್ರೂ ಉಳಿದರೂ ಡಬ್ಬಿ ಸೀಳುತ್ತದೆ. ಸುಮಾರು 100 ಡಿಗ್ರಿಯಲ್ಲಿ ಕೆಲವು ನಿಮಿಷ ಸಾಕು. ಅಡುಗೆಗೆ ಬಳಸುವ ಓವನ್ ಬೇಡ. ಕಾವಿನ ಕಂಬಿಗೆ ಲ್ಯಾಂಪ್ ತಾಗಬಾರದು. ಹಳೆ ಅಂಟನ್ನು ಪೂರ್ತಿ ತೆಗೆದು ಹೊಸ ಬ್ಯುಟೈಲ್ ಹಗ್ಗ ಕೂರಿಸಿ, ಮತ್ತೆ ಬೆಚ್ಚಗೆ ಮಾಡಿ ಒತ್ತಿ, ಕ್ಲಾಂಪ್ ಹಾಕಿ.

ಅಂಟು ತೊಳೆಯಲು ಥಿನ್ನರ್, ಅಸಿಟೋನ್, ಪೆಟ್ರೋಲ್ ಯಾವುದೂ ಪಾಲಿಕಾರ್ಬೊನೇಟಿಗೆ ತಾಗಬಾರದು. ಒಳಗೊಳಗೇ ಕೂದಲೆಳೆ ಬಿರುಕು ಬಿಡುತ್ತದೆ. ಹೊರಗಿನ ಸಣ್ಣ ಸಂದಿಗೆ ಸಿಲಿಕೋನ್ ಬಳಸಲೇಬೇಕಾದರೆ ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವುದನ್ನೇ ತನ್ನಿ. ವಿನೆಗರ್ ವಾಸನೆ ಬರುವ ಜಾತಿಯದು ಒಣಗುವಾಗ ಆಮ್ಲದ ಆವಿ ಬಿಡುತ್ತದೆ, ರಿಫ್ಲೆಕ್ಟರ್ ಮಂಕಾಗುತ್ತದೆ. ಸೂಪರ್ ಗ್ಲೂನ ಆವಿಯೂ ಬಿಳಿ ಪೊರೆ ಕಟ್ಟುತ್ತದೆ.

ಕಾರು ವಾರಂಟಿಯಲ್ಲಿದ್ದರೆ ಇದ್ಯಾವುದಕ್ಕೂ ಕೈ ಹಾಕಬೇಡಿ. ನೀರು ನಿಂತಿರುವುದರ ಫೋಟೊ ತೆಗೆದು ಹಾಗೇ ತೋರಿಸಿ. ತೆಳು ಮಂಜಿಗೆ ಅವರು ಒಪ್ಪದಿರಬಹುದು, ನಿಂತ ನೀರಿಗೆ ಕೇಳುವ ಹಕ್ಕು ನಿಮಗಿದೆ. ತೆರೆದ ಲ್ಯಾಂಪ್ ತೆಗೆದುಕೊಂಡು ಹೋದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ನೀಲಿ ಹ್ಯಾಚ್‌ಬ್ಯಾಕ್

ಹೊಸ ರಬ್ಬರ್ ಕವರ್ ಹಾಕಿದೆ. ಲ್ಯಾಂಪ್ ಬಿಚ್ಚಿ ಒಣಗಿಸಿ, ಪಿನ್ನು ಉಜ್ಜಿ ವಾಪಸ್ ಕೂರಿಸಿದ್ದೇನೆ. ಮೊದಲೆರಡು ಬೆಳಿಗ್ಗೆ ಮೂಲೆಯಲ್ಲಿ ಸ್ವಲ್ಪ ಮಂಜಿತ್ತು, ರಾತ್ರಿ ಪಯಣ ಅವರು ಹೇಳಿದ ಹಾಗೆ ಆಮೇಲೆ ಕಡಿಮೆಯಾಯಿತು. ಅದಾದ ಮೇಲೆ ಜೋರು ಮಳೆಯಲ್ಲಿ ದೂರ ಓಡಿಸಿದ್ದೇನೆ, ತಳ ಒಣಗಿಯೇ ಇದೆ. ಪಾನಾ ಸರ್, ವೈರಿಂಗ್ ಕೆಲಸ ಸರ್, ತುಂಬ ಉಪಕಾರವಾಯಿತು. ಅಸೆಂಬ್ಲಿ ಬದಲಾಯಿಸುವ ಖರ್ಚು ಉಳಿಯಿತು.

ಒಂದು ಸಣ್ಣ ವಿಷಯ. ಎಡಗಡೆ ಬೆಳಕು ಈಗ ಬಲಕ್ಕಿಂತ ಸ್ವಲ್ಪ ಮೇಲೆ ಬೀಳುತ್ತಿದೆ ಅನಿಸುತ್ತದೆ. ಬಿಚ್ಚಿ ಹಾಕಿದ್ದರಿಂದ ಇರಬಹುದಾ?

ವೈರಿಂಗ್ ಕೆಲಸ

ಇರಬಹುದು. ಬಲ್ಬಿನ ಮೂರು ಕಿವಿಗಳು ಅವುಗಳ ತೋಡಿನಲ್ಲೇ ಕೂತು, ಕ್ಲಿಪ್ ಬಿಗಿಯಾಗಿದೆಯಾ ಅಂತ ಮೊದಲು ನೋಡಿ. ಬಲ್ಬ್ ವಾಲಿದ್ದರೆ ಸ್ಕ್ರೂ ತಿರುಗಿಸಿ ಪ್ರಯೋಜನ ಇಲ್ಲ. ಅದು ಸರಿ ಇದ್ದರೆ ಸಮತಟ್ಟು ನೆಲದಲ್ಲಿ ಗೋಡೆಗೆ ನೇರವಾಗಿ ನಿಲ್ಲಿಸಿ. ಲೆವೆಲಿಂಗ್ ಸ್ವಿಚ್ ಸೊನ್ನೆಯಲ್ಲಿರಲಿ, ಟೈರಿನ ಗಾಳಿ ಸರಿ ಇರಲಿ. ಲೋ ಬೀಮ್ ಹಾಕಿ, ಬಲಗಡೆಯದನ್ನು ಬಿಚ್ಚಿಲ್ಲವಲ್ಲ, ಅದರ ಬೆಳಕಿನ ಮೇಲಂಚಿಗೆ ಗೋಡೆ ಮೇಲೆ ಟೇಪ್ ಅಂಟಿಸಿ. ಎಡಗಡೆಯದನ್ನು ಎತ್ತರ ಹೊಂದಿಸುವ ಸ್ಕ್ರೂನಿಂದ ಅದೇ ಗೆರೆಗೆ ಇಳಿಸಿ. ಇಷ್ಟಾದ ಮೇಲೂ ಎದುರಿನವರು ಲೈಟ್ ಮಿಟುಕಿಸಿದರೆ ಹೆಡ್‌ಲೈಟ್ ಅಲೈನ್‌ಮೆಂಟ್ ಯಂತ್ರ ಇರುವ ಕಡೆ ಒಂದು ಸಲ ತೋರಿಸಿ.